ತುಪ್ಪಕ್ಕೂ ಹೆಪ್ಪು ಹಾಕಬೇಕು

ಹೋದ ಶುಕ್ರವಾರ ನಮ್ಮ ಮನೆಯಲ್ಲಿ ಮುಕ್ಕಾಲು ಕೆಜಿ ಬೆಣ್ಣೆ ಸುಟ್ಟುಹೋಯಿತು. ಹದಿನೈದು ದಿನದ ಕೆನೆ ಕೂಡಿಸಿ, ಹೆಪ್ಪು ಹಾಕಿ, ಕಡೆದು ತೆಗೆದ ಬೆಣ್ಣೆ ಅದು. ಒಲೆ ಮೇಲಿಟ್ಟು, ಮೊಮ್ಮಗಳಿಗೆ "ನೋಡ್ಕೋ ಪುಟ್ಟಿ" ಅಂತ ಹೇಳಿ ದೇವರ ದೀಪ ಹಚ್ಚಲು ಹೋದೆ. ಬರುವಷ್ಟರಲ್ಲಿ ತುಪ್ಪ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಗಸಿ ಕರಕಲಾಗಿತ್ತು. "ಅಜ್ಜಿ, ಜೋರಾಗಿ ಕುದೀತಾ ಇತ್ತು, ಆಮೇಲೆ ತಾನೇ ಸುಮ್ನಾಯ್ತು. ಇನ್ನೇನು ತೊಂದರೆ ಇಲ್ಲ ಅಂತ ಬಿಟ್ಟೆ" ಅಂದಳು. ಸುಮ್ಮನಾದ ಮೇಲೆ ಬಿಡುವುದಾ! ಓಡಿ ಬಂದು ಒಲೆ ಆರಿಸಬೇಕಾದ ಹೊತ್ತೇ ಅದು.

ಅವಳಿಗೆ ಈ ವರ್ಷ ಶಾಲೆಯಲ್ಲಿ ಘನ, ದ್ರವ, ಅನಿಲದ ಪಾಠ. ಕರಗುವ ಬಿಂದು, ಕುದಿಯುವ ಬಿಂದು ಎಲ್ಲ ಬಾಯಿಪಾಠ. ಆ ಪಾಠ ಅಷ್ಟೂ ಎದುರಿಗಿದ್ದ ಪಾತ್ರೆಯಲ್ಲೇ ನಡೆಯುತ್ತಿತ್ತು, ಇವಳು ಮೊಬೈಲ್ ನೋಡುತ್ತಿದ್ದಳು. ಅವಳೊಬ್ಬಳನ್ನೇ ಬೈದು ಪ್ರಯೋಜನವಿಲ್ಲ. ನನ್ನ ಸೊಸೆ, ತಂಗಿಯ ಮಗಳು, ಎದುರು ಮನೆಯಲ್ಲಿ ಹೊಸದಾಗಿ ಸಂಸಾರ ಹೂಡಿದ ಹುಡುಗ, ಎಲ್ಲರೂ ಗಡಿಯಾರ ನೋಡಿ ತುಪ್ಪ ಕಾಯಿಸುವವರೇ. "ಎಷ್ಟು ನಿಮಿಷ ಆಂಟಿ?" ಅಂತ ಕೇಳುತ್ತಾರೆ. ಬೆಣ್ಣೆಗೆ ನಿಮಿಷದ ಲೆಕ್ಕ ಇಲ್ಲ. ಅದರೊಳಗೆ ಎಷ್ಟು ನೀರಿದೆ ಅನ್ನುವುದೊಂದೇ ಲೆಕ್ಕ. ಪ್ಯಾಕೆಟ್ ಬೆಣ್ಣೆಯಲ್ಲೇ ನೂರಕ್ಕೆ 16 ಪಾಲಿನಷ್ಟು ನೀರಿರುತ್ತದೆ. ಮನೆಯಲ್ಲಿ ಕಡೆದು ತೆಗೆದದ್ದರಲ್ಲಿ ಇನ್ನೂ ಜಾಸ್ತಿ, ಅದೂ ನೀವು ಎಷ್ಟು ಹಿಂಡಿದ್ದೀರಿ ಅನ್ನುವುದರ ಮೇಲೆ. ಆ ನೀರು ಪೂರ್ತಿ ಆವಿಯಾಗಿ ಹೋದರೆ ತುಪ್ಪ. ಅಷ್ಟೇ ಕೆಲಸ.

ಬೆಣ್ಣೆ ತೊಳೆಯುವುದೆಲ್ಲ ನಿಮಗೆ ಗೊತ್ತೇ ಇದೆ. ನೀರು ತಿಳಿಯಾಗುವ ತನಕ ತೊಳೆಯಿರಿ, ಹುಳಿ ಉಳಿಯಬಾರದು. ಪಾತ್ರೆ ದಪ್ಪ ತಳದ್ದಿರಲಿ, ಬೆಣ್ಣೆ ಅರ್ಧಕ್ಕಿಂತ ಮೇಲೆ ಬರಬಾರದು, ನೊರೆ ಏರುತ್ತದೆ. ಸಣ್ಣ ಉರಿಯಲ್ಲಿಡಿ. ಕರಗುವಾಗ ಒಂದು ನಿಮಿಷ ನಿಂತು ನೋಡಿ. ಐಸು ಕರಗುವ ಹಾಗೆ ಬೆಣ್ಣೆ ಕರಗುವುದಿಲ್ಲ. ಐಸು ಸೊನ್ನೆ ಡಿಗ್ರಿ ಬಂತೋ, ಅಲ್ಲೇ ನಿಂತು ನೀರಾಗುತ್ತದೆ. ಬೆಣ್ಣೆ ಮೊದಲು ಮೆತ್ತಗಾಗುತ್ತದೆ, ಆಮೇಲೆ ಜಾರುತ್ತದೆ, 35 ಡಿಗ್ರಿ ಆಸುಪಾಸಿಗೆ ಬರುವ ಹೊತ್ತಿಗೆ ಪೂರ್ತಿ ತಿಳಿಯಾಗುತ್ತದೆ. ಯಾಕೆಂದರೆ ಅದರಲ್ಲಿ ಒಂದೇ ಥರದ ಕೊಬ್ಬಿಲ್ಲ. ಬೇಗ ಕರಗುವವೂ ಇವೆ, ತಡವಾಗಿ ಕರಗುವವೂ ಇವೆ. ಇದನ್ನು ನೆನಪಿಟ್ಟುಕೊಳ್ಳಿ, ಹೆಪ್ಪಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕರಗಿದ ಮೇಲೆ ಕುದಿ. ಕುದಿಯುವುದು ತುಪ್ಪ ಅಲ್ಲ, ಒಳಗಿನ ನೀರು. ನೀರು ಇರುವ ತನಕ ಪಾತ್ರೆಯ ಬಿಸಿ 100 ಡಿಗ್ರಿ ಹತ್ತಿರವೇ ನಿಂತಿರುತ್ತದೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97ಕ್ಕೇ ಕುದಿಯುತ್ತದೆ. ಉರಿ ಎಷ್ಟೇ ದೊಡ್ಡದು ಮಾಡಿ, ಆ ಬಿಸಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹಾಗಾಗಿ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ, ತುಪ್ಪ ಹಳದಿಯಾಗಿಯೇ ಇರುತ್ತದೆ. ನೀರು ಮುಗಿದ ಕ್ಷಣದಿಂದ ಬಿಸಿಗೆ ಬೇರೆ ಕೆಲಸ ಇಲ್ಲ. ಸರಸರನೆ 110, 120 ಅಂತ ಏರುತ್ತದೆ, ತಳದ ಗಸಿ ಕೆಂಪಾಗುತ್ತದೆ, ಇನ್ನೆರಡು ನಿಮಿಷ ಬಿಟ್ಟರೆ ಕಪ್ಪು. ಪುಟ್ಟಿ ಬಿಟ್ಟದ್ದು ಅದೇ ಎರಡು ನಿಮಿಷ.

ಅದಕ್ಕೇ ನಾನು ಹೇಳುವುದು, ಬೆಣ್ಣೆ ಕಾಯಿಸುವಾಗ ಕಣ್ಣಿಗಿಂತ ಕಿವಿ ಮುಖ್ಯ. ಮೊದಲು ಗಳಗಳ ಅನ್ನುತ್ತದೆ. ಆಮೇಲೆ ಚಟಪಟ. ಆಮೇಲೆ ಸಣ್ಣಗೆ ಚಿರ್ ಚಿರ್ ಅಂತ, ಮಳೆ ನಿಂತ ಮೇಲೆ ಸೂರಿನಿಂದ ಹನಿ ಬಿದ್ದ ಹಾಗೆ ಬಿಟ್ಟು ಬಿಟ್ಟು. ಆಮೇಲೆ ಸದ್ದಿಲ್ಲ. ದೊಡ್ಡ ನೊರೆ ಇಳಿದು, ಇನ್ನೊಂದು ಸಲ ನಯವಾದ ಸಣ್ಣ ನೊರೆ ಏಳುತ್ತದೆ. ಆರಿಸಿ. ಪಾತ್ರೆಯ ಬಿಸಿಯೇ ಉಳಿದದ್ದನ್ನು ಮಾಡುತ್ತದೆ. ತೀರ್ಥಹಳ್ಳಿ ಕಡೆ ನನ್ನ ತವರಿನಲ್ಲಿ ಅಮ್ಮ ಬೆಣ್ಣೆ ಕಾಯಿಸಲು ಕೂತರೆ ನಾವು ಮಕ್ಕಳು ಅಡುಗೆಮನೆಯಲ್ಲಿ ಮಾತಾಡುವಂತಿರಲಿಲ್ಲ. ಚಿರ್ ಚಿರ್ ಶುರುವಾದ ಕೂಡಲೇ ಸೌದೆ ಹೊರಗೆಳೆದು, ಬರೀ ಕೆಂಡದ ಮೇಲೆ ಬಿಡುತ್ತಿದ್ದಳು. ಹೊರಗೆ ಮಳೆ ಹೊಯ್ಯುತ್ತಿದ್ದರೆ ಕಿವಿಯನ್ನು ಪಾತ್ರೆ ಕಡೆ ಬಾಗಿಸಿ ಕೂರುತ್ತಿದ್ದಳು. ನೀವು ಚಿಮಣಿ ಫ್ಯಾನು, ಮಿಕ್ಸಿ, ಟಿವಿ ಎಲ್ಲ ಹಾಕಿಕೊಂಡು ತುಪ್ಪ ಕಾಯಿಸಿದರೆ ಯಾವ ಸದ್ದು ಕೇಳುತ್ತದೆ ಹೇಳಿ? ಕೊನೆಯ ಐದು ನಿಮಿಷವಾದರೂ ಎಲ್ಲ ಆರಿಸಿ.

ಆಯಿತೋ ಇಲ್ಲವೋ ನೋಡಲು ಕೆಲವರು ಒಂದೆರಡು ಹನಿ ನೀರು ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಒಂದು ಚಮಚ ನೀರು ಆವಿಯಾದರೆ 1600 ಚಮಚಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಪೂರಿ ಉಬ್ಬುವುದೂ ಇದರಿಂದಲೇ, ಹಿಟ್ಟಿನೊಳಗಿನ ನೀರು ಆವಿಯಾಗಿ ಹಿಗ್ಗಿ ಎತ್ತುತ್ತದೆ. ಪೂರಿಯೊಳಗಾದರೆ ಚೆಂದ. ಕಾದ ತುಪ್ಪದಲ್ಲಾದರೆ ತುಪ್ಪವನ್ನೇ ಎತ್ತಿ ಮುಖಕ್ಕೆ ಎರಚುತ್ತದೆ. ನನ್ನ ತಂಗಿಯ ಮುಂಗೈ ಮೇಲೆ ಆ ಕಲೆ ಇವತ್ತಿಗೂ ಇದೆ. ವೀಳ್ಯದೆಲೆ ಹಾಕುವುದಿದ್ದರೂ ಮೊದಲು ಬಟ್ಟೆಯಲ್ಲಿ ಒತ್ತಿ ಒರೆಸಿ, ಒಲೆ ಆರಿಸಿದ ಮೇಲೆ ಬಿಡಿ. ಗರಿಗರಿ ಆಗುತ್ತದೆ, ಘಮ ಬರುತ್ತದೆ.

ಬಿಸಿ ತುಪ್ಪಕ್ಕೆ ಮುಚ್ಚಳ ಮುಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಷ್ಟು ಹೊತ್ತು ನಿಂತು ಹೊರಗೆ ಕಳಿಸಿದ ನೀರು, ಮುಚ್ಚಳಕ್ಕೆ ತಾಗಿ ತಣ್ಣಗಾಗಿ, ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ತಿಂಗಳೊಳಗೆ ಮುಗ್ಗಲು ವಾಸನೆ. ಆಮೇಲೆ ಹಾಲಿನವನನ್ನು ಬೈಯುವುದು.

ಇನ್ನು ಹೆಪ್ಪು. ಹಾಲಿಗೆ ಹೆಪ್ಪು ಹಾಕಿದ ಹಾಗೆ ತುಪ್ಪಕ್ಕೂ ಹಾಕಬೇಕು ಅಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಮ್ಮ ತುಪ್ಪ ರವೆ ರವೆಯಾಗಿ, ಬಿಸಿ ಅನ್ನದ ಮೇಲೆ ಬಿದ್ದ ಕೂಡಲೇ ಒಂದೊಂದೇ ಹರಳು ಕರಗುವುದನ್ನು ನೋಡಿ "ಯಾವ ಹಾಲು ತರ್ತೀರಿ?" ಅಂತ ಕೇಳುವವರೂ ಅವರೇ. ಹಾಲಿನದ್ದೂ ಸ್ವಲ್ಪ ಇದೆ, ಎಮ್ಮೆ ತುಪ್ಪದ ಹರಳು ದೊಡ್ಡದು, ಹಸುವಿನದ್ದು ಸಣ್ಣದು. ಆದರೆ ಜಾಸ್ತಿ ಇರುವುದು ತುಪ್ಪವನ್ನು ಹೇಗೆ ತಣ್ಣಗಾಗಿಸುತ್ತೀರಿ ಅನ್ನುವುದರಲ್ಲಿ.

ತಡವಾಗಿ ಕರಗುವ ಕೊಬ್ಬಿದೆ ಅಂದೆನಲ್ಲ, ಅದು ತಣ್ಣಗಾಗುವಾಗ ಎಲ್ಲಕ್ಕಿಂತ ಮೊದಲು ಗಟ್ಟಿಯಾಗುತ್ತದೆ. ಅದೇ ಹರಳು. ಅದಕ್ಕೆ ಸಮಯ ಕೊಟ್ಟರೆ ಒಂದಕ್ಕೊಂದು ಕೂಡಿ ದಪ್ಪ ಬೆಳೆಯುತ್ತದೆ. ಬಿಸಿ ಆರಿತು ಅಂತ ತಂದು ಫ್ರಿಜ್ಜಿಗೆ ತಳ್ಳಿದರೆ ಎಲ್ಲ ಕೊಬ್ಬೂ ಒಟ್ಟಿಗೆ ಹೆದರಿ ಗಟ್ಟಿಯಾಗಿ, ಮೇಣದ ಹಾಗೆ ನುಣ್ಣಗೆ ಕೂರುತ್ತದೆ. ರುಚಿ ಹೋಗುವುದಿಲ್ಲ, ಹರಳು ಬರುವುದಿಲ್ಲ.

ನಾನು ಮಾಡುವುದು ಹೀಗೆ. ಹಳೆಯ ತುಪ್ಪ ಮುಗಿಯುವ ಮೊದಲೇ, ಒಳ್ಳೆಯ ಹರಳಿದ್ದ ಭಾಗದಿಂದ ಒಂದು ಚಮಚ ತೆಗೆದು ಸಣ್ಣ ಬಟ್ಟಲಲ್ಲಿ ಎತ್ತಿಡುತ್ತೇನೆ. ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಹೊಸ ತುಪ್ಪವನ್ನು, ಗಸಿ ತಳಕ್ಕೆ ಕೂತ ಮೇಲೆ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ಬಿಸಿಲಿಗಿಟ್ಟು ಒಣಗಿಸಿದ ಸ್ಟೀಲ್ ಡಬ್ಬಿಗೆ ಬಗ್ಗಿಸುತ್ತೇನೆ. ಬಾಯಿಗೆ ಒಣ ಬಟ್ಟೆ ಮಾತ್ರ ಹಾಕುವುದು. ಆಮೇಲೆ ಕಾಯಬೇಕು. ಅವಸರದವರು ಇಲ್ಲೇ ಕೆಡುವುದು. ಬಿಸಿ ಇರುವಾಗ ಹೆಪ್ಪು ಹಾಕಿದರೆ ಅದೂ ಕರಗಿ ಎಣ್ಣೆಯಾಗುತ್ತದೆ, ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ. ಪೂರ್ತಿ ಆರಿದ ಮೇಲೆ ಹಾಕಿದರೆ ಅಷ್ಟರಲ್ಲಿ ತುಪ್ಪ ತನ್ನ ಪಾಡಿಗೆ ತಾನು ಗಟ್ಟಿಯಾಗಿರುತ್ತದೆ. ಡಬ್ಬಿಯನ್ನು ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಿ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಒಳಗೆ ತುಪ್ಪ ಇನ್ನೂ ಕನ್ನಡಿಯ ಹಾಗೆ ತಿಳಿಯಾಗಿರಬೇಕು. ಆ ಹೊತ್ತಿಗೆ ಹೆಪ್ಪಿನ ಚಮಚವನ್ನು ಮೆಲ್ಲಗೆ ಇಳಿಸಿ, ಎರಡೇ ಸುತ್ತು ತಿರುಗಿಸಿ ತೆಗೆಯಿರಿ. ಹರಳುಗಳು ಕರಗದೆ, ನಿಧಾನಕ್ಕೆ ತಳಕ್ಕೆ ಇಳಿಯುವುದು ಕಾಣಬೇಕು. ಕಂಡಿತೋ, ಗೆದ್ದಿರಿ. ಹೊಸ ತುಪ್ಪ ಆ ಹಳೆಯ ಹರಳಿನ ಮೇಲೇ ಕೂತು ಬೆಳೆಯುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಡಬ್ಬಿಗೆ ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಸುತ್ತಿ, ಅಕ್ಕಿ ಡ್ರಮ್ಮಿನೊಳಗೆ, ಅಕ್ಕಿ ಮೇಲೆ ನೇರ ಕೂರಿಸಿ. 28 ಡಿಗ್ರಿ ಹತ್ತಿರದ ಬೆಚ್ಚಗಿನಲ್ಲಿ ಹರಳು ಚೆನ್ನಾಗಿ ಬೆಳೆಯುತ್ತದೆ, ಸೀರೆ ಆ ಬೆಚ್ಚಗನ್ನು ಹಿಡಿದಿಡುತ್ತದೆ. ಮಾರನೇ ದಿನದ ತನಕ ಅಲುಗಾಡಿಸಬಾರದು. ಹೇಗಾಯ್ತು ಅಂತ ಬಿಚ್ಚಿ ನೋಡಲೂಬಾರದು. ಅಕ್ಕಿ ಬೇಕಿದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ.

ಸೀರೆ ಅಂದೆ, ಟ್ರಂಕಿನಿಂದ ತೆಗೆದದ್ದು ಬೇಡ. ನುಸಿಗುಳಿಗೆ ವಾಸನೆ ತುಪ್ಪಕ್ಕೆ ಹಿಡಿಯುತ್ತದೆ. ಅದು ನೀರಾಗದೆ ನೇರ ಗಾಳಿಗೇ ಸೇರುವ ವಸ್ತು, ಕರ್ಪೂರದ ಹಾಗೆ. ಆರು ತಿಂಗಳಿಗೆ ಗುಳಿಗೆ ಮಾಯ, ವಾಸನೆ ಬಟ್ಟೆಯಲ್ಲಿ. ಎಲ್ಲರೂ ಗುಳಿಗೆಯನ್ನು ಬೀರುವಿನ ತಳದಲ್ಲಿ ಎಸೆಯುತ್ತಾರೆ. ಆ ಆವಿ ಗಾಳಿಗಿಂತ ಭಾರ, ಕೆಳಕ್ಕೇ ಇಳಿಯುತ್ತದೆ. ಮೇಲಿನ ತಟ್ಟಿನಲ್ಲಿ ಬಟ್ಟೆಯಲ್ಲಿ ಕಟ್ಟಿಡಿ. ಕೂಸಿನ ಬಟ್ಟೆಯ ಹತ್ತಿರ ಮಾತ್ರ ಇಡಲೇಬೇಡಿ, ಎಳೆ ಮಕ್ಕಳ ರಕ್ತಕ್ಕೆ ಅದು ಒಳ್ಳೆಯದಲ್ಲ.

ಬೇಸಿಗೆಯಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿ ಕಡೆಯವರಿಗೆ, ತುಪ್ಪ ಪೂರ್ತಿ ಗಟ್ಟಿಯಾಗುವುದಿಲ್ಲ. ಕೆಳಗೆ ಹರಳು, ಮೇಲೆ ತಿಳಿ ಎಣ್ಣೆ ನಿಲ್ಲುತ್ತದೆ. ಅದನ್ನು ನೋಡಿ ಬೆರಕೆ ಅಂತ ಚೆಲ್ಲಬೇಡಿ. ಬೇಗ ಕರಗುವ ಕೊಬ್ಬು ಆ ಸೆಕೆಗೆ ದ್ರವವಾಗಿಯೇ ಉಳಿದಿರುತ್ತದೆ, ಅಷ್ಟೇ. ಬಳಸುವಾಗ ಕೆಳಗಿನಿಂದ ಒಂದು ಸಲ ಕಲಸಿ ತೆಗೆಯಿರಿ. ತುಪ್ಪ ಬಡಿಸುವ ಮಿಳ್ಳೆ ಒಣಗಿರಬೇಕು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ ತಾನೆ?

ಈ ಮಂಗಳವಾರ ಪುಟ್ಟಿಯನ್ನೇ ಮತ್ತೆ ಒಲೆ ಮುಂದೆ ನಿಲ್ಲಿಸಿದೆ. ಮೊಬೈಲ್ ಹೊರಗಿಟ್ಟು ಬಂದಳು. ಚಿರ್ ಚಿರ್ ನಿಂತ ತಕ್ಷಣ ಅವಳೇ "ಅಜ್ಜಿ, ನೀರು ಮುಗೀತು" ಅಂತ ಆರಿಸಿದಳು. ಬಟ್ಟೆಯಲ್ಲಿ ಉಳಿದ ಕೆಂಪು ಗಸಿಗೆ ಬೆಲ್ಲ ಕಲಸಿ ಅವಳ ಕೈಗೆ ಕೊಟ್ಟೆ.