ಯುಟಿಲಿಟಿ ಸೇರಿಸಿಕೊಂಡು ಅಡುಗೆಮನೆ ದೊಡ್ಡದು ಮಾಡಿದ ಬಗೆ

ಅಡುಗೆಮನೆ ಸಣ್ಣದು ಅನ್ನುವವರು ಸಾಮಾನ್ಯವಾಗಿ ಚದರಡಿ ಲೆಕ್ಕ ಹೇಳುತ್ತಾರೆ. ಅಳೆಯಬೇಕಾದದ್ದು ಕಟ್ಟೆಯ ಉದ್ದ, ಅದರಲ್ಲೂ ನಡುವೆ ಏನೂ ಅಡ್ಡ ಬರದ ಖಾಲಿ ಕಟ್ಟೆ ಎಷ್ಟಿದೆ ಅನ್ನುವುದು. ನಮ್ಮದು ಬೆಂಗಳೂರಿನ 30×40 ಸೈಟಿನ ಮನೆ. ಅಡುಗೆಮನೆ 8×7 ಅಡಿ, ಅದರ ದಕ್ಷಿಣಕ್ಕೆ 8 ಅಡಿ ಉದ್ದ, 3 ಅಡಿ 6 ಇಂಚು ಅಗಲದ ಯುಟಿಲಿಟಿ, ಅಂದರೆ ಬಟ್ಟೆ-ಪಾತ್ರೆ ತೊಳೆಯುವ ಜಾಗ. ಪೂರ್ವದ ಗೋಡೆಗೆ 7 ಅಡಿ ಕಟ್ಟೆ, ದಕ್ಷಿಣದಲ್ಲಿ ಯುಟಿಲಿಟಿ ಬಾಗಿಲು ಬಿಟ್ಟು 3 ಅಡಿ 3 ಇಂಚು. ಒಟ್ಟು 10 ಅಡಿ 3 ಇಂಚು ಇದ್ದರೂ ಸಿಂಕಿಗೆ 2, ಒಲೆಗೆ ಎರಡೂವರೆ, ಕೈ ಎಟುಕದ ಮೂಲೆಗೆ 2, ಮಿಕ್ಸಿ ಮತ್ತು ನೀರಿನ ಫಿಲ್ಟರಿಗೆ 2 ಅಡಿ ಹೋದರೆ ತರಕಾರಿ ಹೆಚ್ಚಲು ಉಳಿಯುತ್ತಿದ್ದದ್ದು 1 ಅಡಿ 9 ಇಂಚು. ಚಪಾತಿ ಮಣೆ ಇಟ್ಟರೆ ಪಕ್ಕದಲ್ಲಿ ತಟ್ಟೆಗೆ ಜಾಗವಿಲ್ಲ. ಫ್ರಿಜ್ ಊಟದ ಕೋಣೆಯಲ್ಲಿತ್ತು, ಏಕೆಂದರೆ ಬಾಗಿಲಿಂದ ಬಾಗಿಲಿಗೆ ಓಡಾಡುವ ದಾರಿಯೇ ಪಶ್ಚಿಮದ ಗೋಡೆಯನ್ನು ನುಂಗಿತ್ತು.

ಅಡುಗೆಮನೆಗೂ ಯುಟಿಲಿಟಿಗೂ ನಡುವಿನ ಗೋಡೆ ತೆಗೆದರೆ ಕೋಣೆ 8 ಅಡಿ × 10 ಅಡಿ 11 ಇಂಚು ಆಗುತ್ತದೆ. ಆದರೆ ಒಡೆಯುವ ಮೊದಲು ಯುಟಿಲಿಟಿಯ ಕೆಲಸಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ತೀರ್ಮಾನವಾಗಿರಬೇಕು. ವಾಷಿಂಗ್ ಮಷೀನ್, ಬಟ್ಟೆ ಒಗೆಯುವ ಕಲ್ಲು, ಕಸದ ಬುಟ್ಟಿ, ಪೊರಕೆ, ಸಿಲಿಂಡರ್, ಮುಸುರೆ ಪಾತ್ರೆ. ಇವಕ್ಕೆ ಜಾಗ ಹುಡುಕದೆ ಗೋಡೆ ಕೆಡವಿದರೆ ಎಲ್ಲವೂ ಹೊಸ ಅಡುಗೆಮನೆಯೊಳಗೇ ಬಂದು ಕೂರುತ್ತವೆ, ಗಳಿಸಿದ ಜಾಗ ಅಲ್ಲಿಗೇ ಮುಗಿಯಿತು. ನಾವು ಮಷೀನನ್ನು ಟೆರೇಸಿನ ಮೆಟ್ಟಿಲ ಕೋಣೆಗೆ ಏರಿಸಿದೆವು. ಅಲ್ಲಿಗೆ ನಲ್ಲಿ, ನೀರು ಹೋಗುವ ಪೈಪು, 16 ಆಂಪಿಯರ್ ಪಾಯಿಂಟ್ ಮೂರೂ ಮೊದಲೇ ಆಗಬೇಕು.

ಮುಂದಿನ ಪ್ರಶ್ನೆ ಆ ಗೋಡೆ ಭಾರ ಹೊತ್ತಿದೆಯೇ ಅನ್ನುವುದು. ಯುಟಿಲಿಟಿ ಪಕ್ಕದ ಗೋಡೆ ಎಷ್ಟೋ ಮನೆಗಳಲ್ಲಿ ಮನೆಯ ಹೊರಗೋಡೆಯೇ ಆಗಿರುತ್ತದೆ, ಮೋಲ್ಡ್ (ಕಾಂಕ್ರೀಟ್ ಚಾವಣಿ) ಅದರ ಮೇಲೆ ಕೂತಿರುತ್ತದೆ. ಬಾಗಿಲ ಬಳಿ ದಪ್ಪ ಅಳೆಯಿರಿ. ಪ್ಲಾಸ್ಟರ್ ಸೇರಿ 5 ಇಂಚಿನ ಆಸುಪಾಸು ಬಂದರೆ 4 ಇಂಚಿನ ಸಾಲಿಡ್ ಬ್ಲಾಕಿನ ಅಡ್ಡಗೋಡೆ ಇರಬಹುದು. 7 ಇಂಚು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಭಾರ ಹೊತ್ತಿದೆ ಎಂದೇ ಇಟ್ಟುಕೊಳ್ಳಿ. ದಪ್ಪ ಒಂದೇ ಸಾಲದು. ಗೋಡೆಯ ತಲೆಭಾಗದಲ್ಲಿ ಅಂಗೈಯಗಲ ಪ್ಲಾಸ್ಟರ್ ಕೆತ್ತಿ ನೋಡಬೇಕು. ನಮ್ಮಲ್ಲಿ ಬ್ಲಾಕಿನ ಕೊನೆಯ ವರಸೆಗೂ ಮೇಲಿನ ಬೀಮಿಗೂ ನಡುವೆ ಗಾರೆ ತುಂಬಿದ ಸಂದು ಸ್ಪಷ್ಟವಾಗಿ ಕಂಡಿತು. ಅಂದರೆ ಬೀಮ್ ಮೊದಲು, ಗೋಡೆ ಆಮೇಲೆ; ಭಾರ ಹೊತ್ತಿರುವುದು ಬೀಮ್, ಗೋಡೆಯಲ್ಲ. ಮೇಲಿನ ಮಹಡಿಯಲ್ಲಿ ಅದೇ ನೇರಕ್ಕೆ ಗೋಡೆಯೋ ಬಚ್ಚಲೋ ಇದೆಯೇ ಎಂದೂ ನೋಡಿ. ಇಷ್ಟಾದ ಮೇಲೂ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಹೇಳಲೇಬೇಕು. "ಏನೂ ಆಗಲ್ಲ ಸಾರ್, ಎಷ್ಟು ಒಡೆದಿದ್ದೀವಿ" ಅನ್ನುವ ಮೇಸ್ತ್ರಿಯ ಮಾತು ಸಾಕಾಗುವ ಜಾಗವಲ್ಲ ಇದು. ಭಾರ ಹೊತ್ತ ಗೋಡೆಯಾದರೆ ಎರಡೂ ಕಡೆ ಜಾಕಿ ಕೊಟ್ಟು, ಎಂಜಿನಿಯರ್ ಲೆಕ್ಕ ಹಾಕಿದ ಅಳತೆಯ ಕಬ್ಬಿಣದ ಚಾನೆಲ್ ಕೂರಿಸಿ, ಆಮೇಲೆ ಕೆಳಗೆ ತೆರೆಯಬೇಕು.

ಒಡೆಯುವಾಗ ಎಲ್ಲರೂ ಮರೆಯುವುದು ಸಜ್ಜಾ. ಅಡುಗೆಮನೆಯ ಲಾಫ್ಟಿನ ಕಾಂಕ್ರೀಟ್ ಹಲಗೆ ಇದೇ ಗೋಡೆಯೊಳಗೆ ಸೇರಿರುತ್ತದೆ, ಗೋಡೆ ಹೋದರೆ ಅದು ಕೆಳಗಿರುವವರ ತಲೆಯ ಮೇಲೆ ಬರುತ್ತದೆ. ಕೆಳಗೆ ಆಧಾರ ಕೊಟ್ಟು ಮೊದಲು ಅದನ್ನು ತುಂಡು ತುಂಡಾಗಿ ಕತ್ತರಿಸಿ ಇಳಿಸಬೇಕು. ಆ ಬಳಿಕ ಬಾಗಿಲ ಚೌಕಟ್ಟು, ಆ ಬಳಿಕ ಗೋಡೆ, ಮೇಲಿಂದ ಕೆಳಕ್ಕೆ ವರಸೆ ವರಸೆಯಾಗಿ. ಕೆಳಗಿನಿಂದ ಹೊಡೆದರೆ ಗೋಡೆ ಒಂದೇ ಸಲ ಮಗುಚುತ್ತದೆ. ಬೀಮಿನ ಹತ್ತಿರದ ಕೊನೆಯ ವರಸೆಗೆ ಬ್ರೇಕರ್ ಮಷೀನ್ ಬೇಡ, ಉಳಿ-ಸುತ್ತಿಗೆ ಸಾಕು. ಯುಟಿಲಿಟಿ ನಲ್ಲಿಯ ಪೈಪೂ ಲೈಟಿನ ವೈರೂ ಈ ಗೋಡೆಯಲ್ಲೇ ಹಾದಿರುವುದರಿಂದ ಗೇಟ್ ವಾಲ್ವ್ ಮುಚ್ಚಿ, ಮೇನ್ ಆಫ್ ಮಾಡಿಯೇ ಶುರು ಮಾಡಬೇಕು. 8 ಅಡಿ ಉದ್ದ, 9 ಅಡಿ ಎತ್ತರದ ಇಂಥ ಗೋಡೆಯಿಂದ ಸಿಮೆಂಟ್ ಚೀಲಗಳಲ್ಲಿ ಸುಮಾರು 35 ಮೂಟೆ ಅವಶೇಷ ಬರುತ್ತದೆ, ತೂಕ ಒಂದೂವರೆ ಟನ್ನಿನ ಹತ್ತಿರ. ಅದನ್ನು ಸಾಗಿಸುವ ಖರ್ಚು ಮೇಸ್ತ್ರಿಯ ಕೂಲಿಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಯುಟಿಲಿಟಿ ನೆಲ ಅಡುಗೆಮನೆಗಿಂತ 2 ಇಂಚು ತಗ್ಗಿರುತ್ತದೆ, ನೀರು ಒಳಗೆ ಬರದಿರಲೆಂದು. ಕೋಣೆ ಒಂದಾದ ಮೇಲೆ ಆ ಮೆಟ್ಟಿಲು ಕಾಲಿಗೆ ಎಡವುತ್ತದೆ. ಹಳೆ ಟೈಲ್ಸ್ ಕಿತ್ತು, ವಾಟರ್‌ಪ್ರೂಫ್ ಬಳಿದು, 1:4 ಸಿಮೆಂಟ್ ಮತ್ತು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಗಾರೆಯಲ್ಲಿ ನೆಲ ಎತ್ತರಿಸಿದೆವು. ಹಿತ್ತಿಲ ಬಾಗಿಲ ಬಳಿಯ ನಹಾನಿ ಟ್ರ್ಯಾಪನ್ನು (ನೆಲದ ನೀರು ಹೋಗುವ ಜಾಲರಿ ಕಿಂಡಿ) ಗಾರೆಯಲ್ಲಿ ಮುಚ್ಚಿಬಿಡದಂತೆ ಎಚ್ಚರ ವಹಿಸಿ, ತುಂಡು ಪೈಪು ಸೇರಿಸಿ ಹೊಸ ಮಟ್ಟಕ್ಕೆ ತರಬೇಕು. ನೆಲ ಎತ್ತರವಾದಾಗ ಒಳಕ್ಕೆ ತೆರೆಯುವ ಹಿತ್ತಿಲ ಬಾಗಿಲು ತೆರೆಯದಂತಾಗುತ್ತದೆ ಅನ್ನುವುದೂ ನೆನಪಿರಲಿ. ನಮ್ಮದು ಹೊರಕ್ಕೆ ತೆರೆಯುವ ಬಾಗಿಲು, ಹಾಗಾಗಿ ಹೊಸ್ತಿಲು ಎತ್ತರಿಸಿ, ಬಾಗಿಲನ್ನು ಕೆಳಗಿನಿಂದ ಅಷ್ಟೇ ಕೊಯ್ದದ್ದು ಸಾಕಾಯಿತು.

ಸಿಂಕ್ ಎಲ್ಲಿರಬೇಕು ಅನ್ನುವುದನ್ನು ತೀರ್ಮಾನಿಸುವುದು ಹೊರಗಿನ ಚೇಂಬರ್, ಅಂದರೆ ಕೊಳೆನೀರು ಬಂದು ಸೇರುವ ಗುಂಡಿ. ಸಿಂಕಿನ ಕೊಳೆನೀರಿನ ಪೈಪಿಗೆ ಪ್ರತಿ ಅಡಿಗೆ ಕಾಲು ಇಂಚು ಇಳಿಜಾರು ಬೇಕು. ಸಿಂಕನ್ನು ಉತ್ತರದ ತುದಿಗೆ ಇಟ್ಟರೆ 11 ಅಡಿಗೆ ಸುಮಾರು 3 ಇಂಚು ಇಳಿಜಾರು, ಅದಕ್ಕಾಗಿ ನೆಲವನ್ನೇ ಅಗೆಯಬೇಕು. ಅಪಾರ್ಟ್‌ಮೆಂಟಿನಲ್ಲಾದರೆ ಅದು ಆಗದ ಮಾತು. ದಕ್ಷಿಣದ ಹೊರಗೋಡೆಗೆ ಒತ್ತಿ ಸಿಂಕ್ ಇಟ್ಟರೆ ಪೈಪು ಗೋಡೆ ದಾಟಿ ನೇರ ಚೇಂಬರಿಗೆ. ಮನೆಯವರು ವಾಸ್ತು ನೋಡುವವರಾದರೆ ಒಲೆಯನ್ನು ಪೂರ್ವದ ಕಟ್ಟೆಯಲ್ಲಿಟ್ಟು ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡುವಂತಿದ್ದರೆ ಹಿರಿಯರಿಗೂ ಒಪ್ಪಿಗೆಯಾಗುತ್ತದೆ.

ಹೊಸ ಪೂರ್ವದ ಕಟ್ಟೆ 10 ಅಡಿ 11 ಇಂಚು. ದಕ್ಷಿಣದ ಮೂಲೆಯಿಂದ 2 ಅಡಿ ತೊಳೆದ ಪಾತ್ರೆ ಬಸಿಯಲು, ಆಮೇಲೆ ಪೂರಾ ಖಾಲಿ 4 ಅಡಿ, ಒಲೆಗೆ ಎರಡೂವರೆ, ಕೊನೆಯ 2 ಅಡಿ 5 ಇಂಚು ಮಿಕ್ಸಿ-ಗ್ರೈಂಡರಿಗೆ. ಆ ಖಾಲಿ 4 ಅಡಿಯೇ ಈ ಇಡೀ ಕೆಲಸದ ಫಲ. ಅಲ್ಲಿ ಏನನ್ನೂ ಕಾಯಂ ಇಡಬಾರದು. ಕಿಟಕಿಯ ಕೆಳಗೆ ಈ ಭಾಗ ಬರಲಿ, ಒಲೆ ಬರಬಾರದು, ಗಾಳಿಗೆ ಉರಿ ಆಡುತ್ತದೆ. ಪಶ್ಚಿಮದ ಗೋಡೆಯಲ್ಲಿ ಊಟದ ಕೋಣೆಯ ಬಾಗಿಲಿಗೂ ಹಿತ್ತಿಲ ಬಾಗಿಲಿಗೂ ನಡುವೆ 5 ಅಡಿ ಸಿಕ್ಕಿತು, ಅದರಲ್ಲಿ ಫ್ರಿಜ್ಜೂ ಎರಡೂವರೆ ಅಡಿಯ ದಿನಸಿ ಕಪಾಟೂ ಕೂತವು. ಕಟ್ಟೆಗೂ ಫ್ರಿಜ್ಜಿಗೂ ನಡುವೆ 3 ಅಡಿ 9 ಇಂಚು ಉಳಿಯುತ್ತದೆ. ಮೂರೂವರೆಗಿಂತ ಕಡಿಮೆಯಾದರೆ ಒಬ್ಬರು ಬಗ್ಗಿ ಡ್ರಾಯರ್ ಎಳೆದಾಗ ಇನ್ನೊಬ್ಬರು ದಾಟಲಾಗದು.

ಗ್ರಾನೈಟ್ ತರಲು ಬೆಂಗಳೂರಿನ ಹತ್ತಿರದ ಜಿಗಣಿಗೆ ಹೋಗುವಾಗ ಕಟ್ಟೆಯ ನಕ್ಷೆ ಕೈಯಲ್ಲಿರಲಿ. ಇಷ್ಟು ಉದ್ದಕ್ಕೆ ಒಂದೇ ಚಪ್ಪಡಿ ಸಿಗುವುದು ಕಷ್ಟ, ಜೋಡಣೆ ಬಂದೇ ಬರುತ್ತದೆ. ಅದು ಸಿಂಕಿನ ಬಳಿಯಾಗಲಿ ಒಲೆಯ ಕೆಳಗಾಗಲಿ ಬೀಳದೆ, ಕೆಳಗೆ ಆಧಾರದ ಕಲ್ಲಿರುವ ಕಡೆ ಬೀಳಬೇಕು. ಎತ್ತರಕ್ಕೆ 33 ಇಂಚು ಎಂದು ಕಣ್ಣುಮುಚ್ಚಿ ಕಟ್ಟಿಸಬೇಡಿ. ಹೆಚ್ಚು ಹೊತ್ತು ಅಡುಗೆ ಮಾಡುವವರು ನಿಂತು ಕೈ ಮಡಿಸಲಿ, ಮೊಣಕೈಗಿಂತ ಸುಮಾರು 4 ಇಂಚು ಕೆಳಗೆ ಕಟ್ಟೆ ಬರಲಿ.

ಸಿಲಿಂಡರ್ ಹೊರಗೋಡೆಗೆ, ಗಾಳಿಯಾಡುವ ಜಾಲರಿ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತಿದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹರಿದು ನಿಲ್ಲುತ್ತದೆ. ಹಾಗಾಗಿ ಚರಂಡಿ ಚೇಂಬರಿನ ಪಕ್ಕ ಇಡಲೇಬಾರದು, ಒಳಗೆ ಮುಚ್ಚಿದ ಕಪಾಟಿನಲ್ಲೂ ಬೇಡ. ಅಲ್ಲಿಂದ ಒಲೆಯವರೆಗೆ ತಾಮ್ರದ ಪೈಪನ್ನು ತರಬೇತಿ ಇದ್ದವರಿಂದಲೇ ಹಾಕಿಸಿ, ಒಲೆಯ ಬಳಿ ಕೈಗೆ ಸಿಗುವಂತೆ ಒಂದು ವಾಲ್ವ್ ಕೊಡಿಸಬೇಕು. ರಬ್ಬರ್ ಟ್ಯೂಬನ್ನು ಉದ್ದ ಮಾಡಿ ಎಳೆಯುವುದು ಅಪಾಯ, ಅದು ಒಂದೂವರೆ ಮೀಟರ್ ಮೀರಬಾರದು. ಕೆಲಸ ಮುಗಿದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಹಳೆಯ ಲೈಟಿನ ವೈರಿನಿಂದ ಕವಲು ತೆಗೆಯದೆ 4 ಚದರ ಮಿ.ಮೀ. ವೈರ್, ಬೇರೆಯೇ ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಯುಟಿಲಿಟಿಯ ಗ್ರಿಲ್ ಇದ್ದ ಕಡೆ ಗಾಜಿನ ಕಿಟಕಿ ಕೂರಿಸಿ, ಮೇಲೆ ಒಂದೂವರೆ ಅಡಿ ಹೊರಚಾಚಿದ ಸಜ್ಜಾ ಇಲ್ಲದಿದ್ದರೆ ಮಳೆ ನೀರು ನೇರ ಕಟ್ಟೆಗೆ ಬೀಳುತ್ತದೆ. ಹಳೆ ಪ್ಲಾಸ್ಟರಿಗೂ ಹೊಸದಕ್ಕೂ ಸಂಧಿಸುವ ಕಡೆ ಎರಡೂ ಬದಿಗೆ 6 ಇಂಚು ಹರಡುವಂತೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆಯಿಸಬೇಕು. ಅದನ್ನು ಬಿಟ್ಟರೆ ಗೋಡೆ ಇದ್ದ ಜಾಗದ ಗುಂಟ ಉದ್ದಕ್ಕೂ ಸೀಳು ಬರುತ್ತದೆ, ಎಷ್ಟು ಸಲ ಬಣ್ಣ ಬಳಿದರೂ ಮತ್ತೆ ಕಾಣಿಸಿಕೊಳ್ಳುತ್ತದೆ.