ಅಕ್ಕಿ ಗಿರಣಿಯ ಜಾಗ, ನಲವತ್ತಮೂರು ಆಕ್ಷೇಪಣೆಗಳು

ಪತ್ರಿಕೆಯ ಒಳಪುಟದಲ್ಲಿ ಅಂಗೈ ಅಗಲದ ಪ್ರಕಟಣೆ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ 4 ಎಕರೆ 12 ಗುಂಟೆ ಜಮೀನನ್ನು ಕೈಗಾರಿಕಾ ಉಪಯೋಗದಿಂದ ವಸತಿ ಮತ್ತು ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಲು ಕೋರಲಾಗಿದೆ, ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು. ಅದು ಅಚ್ಚಾಗಿ ಹತ್ತು ದಿನವಾದರೂ ನಮ್ಮ ಕಚೇರಿಗೆ ಒಂದು ಪತ್ರವೂ ಬರಲಿಲ್ಲ. ಬರುವುದಾದರೂ ಹೇಗೆ? ಆ ಜಾಗವನ್ನು ಸರ್ವೆ ನಂಬರಿನಿಂದ ಗುರುತಿಸುವವರು ಊರಿನಲ್ಲಿ ಯಾರಿದ್ದರು? ಎಲ್ಲರಿಗೂ ಅದು ‘ಹಳೇ ರೈಸ್ ಮಿಲ್’.

ನಾನು ಆಗ ಹಳೆ ಮೈಸೂರು ಭಾಗದ ಒಂದು ಜಿಲ್ಲಾ ಕೇಂದ್ರದಲ್ಲಿ, ನಗರಾಭಿವೃದ್ಧಿ ಪ್ರಾಧಿಕಾರದ ನಗರ ಯೋಜಕನಾಗಿದ್ದೆ. ಹನ್ನೊಂದನೆಯ ದಿನ ಆಯುಕ್ತರ ಒಪ್ಪಿಗೆ ಪಡೆದು ಗಿರಣಿಯ ಗೇಟಿಗೆ ಒಂದು ಫಲಕ ಹಾಕಿಸಿದೆ. ‘ಹಳೇ ರೈಸ್ ಮಿಲ್ ಜಾಗದಲ್ಲಿ ಅಂಗಡಿ ಮಳಿಗೆ, ಕಲ್ಯಾಣ ಮಂಟಪ ಮತ್ತು 160 ಮನೆಗಳನ್ನು ಕಟ್ಟುವ ಪ್ರಸ್ತಾವ ಬಂದಿದೆ. ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿದೆ. ಗಡುವನ್ನೂ ಹದಿನೈದು ದಿನ ಮುಂದಕ್ಕೆ ಹಾಕಿದೆವು. ಕೊನೆಗೆ ಬಂದ ಆಕ್ಷೇಪಣೆಗಳು 43.

ಈ ಪ್ರಕಟಣೆಗೆ ನಾನು ಇಷ್ಟು ತಲೆ ಕೆಡಿಸಿಕೊಂಡದ್ದಕ್ಕೆ ಕಾರಣವಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಪ್ರಕರಣದ ಪ್ರಕಾರ ಮಹಾಯೋಜನೆಯಲ್ಲಿ, ಅಂದರೆ ಊರಿನ ಯಾವ ಜಾಗ ಯಾವ ಉಪಯೋಗಕ್ಕೆ ಎಂದು ಗೊತ್ತುಮಾಡುವ ಯೋಜನೆಯಲ್ಲಿ, ಗುರುತಿಸಿದ ಭೂ ಉಪಯೋಗವನ್ನು ಬದಲಾಯಿಸಲು ಸರ್ಕಾರದ ಪೂರ್ವಾನುಮೋದನೆ ಬೇಕು. ಬದಲಾವಣೆ ಸಾರ್ವಜನಿಕ ಹಿತಾಸಕ್ತಿಯಲ್ಲಿರಬೇಕು, ಬೇರೆ ಕಾನೂನುಗಳಿಗೆ ವಿರುದ್ಧವಾಗಿರಬಾರದು, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಇನ್ನೊಂದು ಕಡೆ, ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕೇ ಬೇಕು. ಈ ಪ್ರಸ್ತಾವದ ಕಟ್ಟಡ 30,000 ಚದರ ಮೀಟರ್ ದಾಟುತ್ತಿತ್ತು. ಆದರೆ ಕಾರ್ಖಾನೆಗೋ ಗಣಿಗೋ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆಯಿಂದ ಕಟ್ಟಡ ಯೋಜನೆಗಳಿಗೆ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಅಂದರೆ ನೆರೆಹೊರೆಯವರ ಪಾಲಿಗೆ ತೆರೆದಿದ್ದ ಬಾಗಿಲು ಈ ಅಂಗೈ ಅಗಲದ ಪ್ರಕಟಣೆಯೊಂದೇ.

ಅಂಗಡಿ ಮತ್ತು ಮನೆ ಒಂದೇ ಕಟ್ಟಡದಲ್ಲಿರುವುದಕ್ಕೆ ನಾನು ವಿರೋಧಿಯಲ್ಲ. ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬುದು ನಮ್ಮ ಪೇಟೆಗಳ ಹಳೆಯ ಕ್ರಮ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ, ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಅದನ್ನು ನೋಡುತ್ತಲೇ ಬೆಳೆದವರು ನಾವು. ದಿನಸಿಗೆ ಎರಡು ಮೈಲಿ ಗಾಡಿ ಓಡಿಸುವ ಬಡಾವಣೆಗಿಂತ ಅದು ಎಷ್ಟೋ ಮೇಲು. ಆದರೆ ಒಂದು ಮನೆಯ ಕೆಳಗೆ ಒಂದು ಅಂಗಡಿ ಇರುವುದು ಬೇರೆ, 160 ಮನೆಗಳ ಕೆಳಗೆ ಎರಡು ಅಂತಸ್ತು ಮಳಿಗೆ ಮತ್ತು ಸಾವಿರ ಜನರ ಮದುವೆ ಮಂಟಪ ಇರುವುದು ಬೇರೆ. ಅಷ್ಟನ್ನು ಆ ನೆಲ, ಆ ರಸ್ತೆ ತಾಳುತ್ತದೆಯೇ ಎಂಬುದನ್ನು ನೋಡುವುದು ನನ್ನ ಕೆಲಸ.

ಮೊದಲು ದಾಖಲೆ. ವಾಸ್ತುಶಿಲ್ಪಿಯ ನಕ್ಷೆಯನ್ನು ನಾನು ಕೊನೆಗೆ ಬಿಡಿಸುತ್ತೇನೆ. ಪಹಣಿ, ಜಮೀನಿನ ವಿಸ್ತೀರ್ಣ ಬರೆದ ಆಕಾರಬಂದ್, ಸರ್ವೆಯ ಅಳತೆ ಬರೆದ ಟಿಪ್ಪಣಿ, ಗ್ರಾಮ ನಕ್ಷೆ ಇವು ಮೊದಲು. ನಮ್ಮ ಹಳೆಯ ಟಿಪ್ಪಣಿಗಳಲ್ಲಿ ಅಳತೆ ಇರುವುದು ಸರಪಳಿ ಮತ್ತು ಆಣೆಗಳಲ್ಲಿ. ಒಂದು ಸರಪಳಿ 33 ಅಡಿ, ಅದರ ಹದಿನಾರನೆಯ ಒಂದು ಪಾಲು ಒಂದು ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ, 1,089 ಚದರ ಅಡಿ. ಈ ಲೆಕ್ಕ ಕೈಗೆ ಬಂದವರಿಗೆ ಹಳೆಯ ಕಾಗದ ಬಹಳ ಮಾತಾಡುತ್ತದೆ. ಈ ಜಾಗದ ಆಕಾರಬಂದ್‌ನಲ್ಲಿ 9 ಗುಂಟೆ ‘ಬಿ ಖರಾಬು’ ಎಂದಿತ್ತು. ಎ ಖರಾಬು ಎಂದರೆ ಸಾಗುವಳಿಗೆ ಒದಗದ ನೆಲ. ಬಿ ಖರಾಬು ಹಾಗಲ್ಲ. ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ನೆಲ, ಸರ್ಕಾರದ್ದು. ಗ್ರಾಮ ನಕ್ಷೆಯಲ್ಲಿ ಅದೇ ಜಾಗದಲ್ಲಿ ಎರಡು ಗೆರೆಗಳ ನಡುವೆ ಒಂದು ಹಳ್ಳ ಹರಿದು ಕೆರೆಯ ಕಡೆಗೆ ಹೋಗಿತ್ತು. ಸರ್ಕಾರದ ಭೂದಾಖಲೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ನೋಡಿದರೂ ಅದೇ ಗೆರೆ.

ಪ್ರಸ್ತಾವದಲ್ಲಿ ಆ 9 ಗುಂಟೆಯೂ ಸೇರಿಯೇ 4 ಎಕರೆ 12 ಗುಂಟೆ. ಹಳ್ಳದ ಹೆಸರೇ ಇಲ್ಲ. ಒಂಬತ್ತು ಗುಂಟೆ ಸಣ್ಣದೆಂದು ಯಾರಿಗಾದರೂ ಅನ್ನಿಸಬಹುದು. 9 ಗುಂಟೆ ಎಂದರೆ ಸುಮಾರು 910 ಚದರ ಮೀಟರ್. ಜಾಗದ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಎಂಬ ಲೆಕ್ಕವೇ ಎಫ್‌ಎಆರ್. ಕೋರಿದ್ದ 1.75 ಎಫ್‌ಎಆರ್‌ನಿಂದ ಗುಣಿಸಿದರೆ ಹತ್ತಿರ ಹತ್ತಿರ 1,600 ಚದರ ಮೀಟರ್ ಕಟ್ಟಡ. ಸರ್ಕಾರದ ಹಳ್ಳದ ಲೆಕ್ಕದಲ್ಲಿ ಹದಿನೈದು ಫ್ಲ್ಯಾಟುಗಳು ಏಳುತ್ತಿದ್ದವು.

ಇದು ಉದ್ದೇಶಪೂರ್ವಕ ಎಂದು ನಾನು ಬರೆಯಲಿಲ್ಲ. ಗಿರಣಿ ಕಟ್ಟಿದ ಕಾಲದಲ್ಲೇ ಹಳ್ಳವನ್ನು ಮುಚ್ಚಿ ಭತ್ತ ಒಣಗಿಸುವ ಕಣ ಮಾಡಿದ್ದರು. ಈಗಿನ ಅರ್ಜಿದಾರರು ಕೊಂಡಾಗಲೇ ಅಲ್ಲಿ ಸಿಮೆಂಟಿನ ನೆಲವಿತ್ತು. ಕಂಡದ್ದನ್ನಷ್ಟೇ ಬರೆಯಬೇಕು. ನಿಯತ್ತಿನ ಮೇಲೆ ಷರಾ ಬರೆದರೆ ಕಡತ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಆಮೇಲೆ ಸ್ಥಳ ತನಿಖೆ. ಇಲ್ಲಿ ನನ್ನ ಹಳೆಯ ತಪ್ಪೊಂದನ್ನು ಹೇಳಬೇಕು. ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ, ಬೇರೊಂದು ಊರಿನಲ್ಲಿ, ನಕ್ಷೆಯಲ್ಲಿ ನೀಲಿ ಗೆರೆ ಎಳೆದು ‘ಹಾಲಿ ಚರಂಡಿ’ ಎಂದು ಬರೆದಿದ್ದನ್ನು ಮೇಜಿನಲ್ಲೇ ಕೂತು ನಂಬಿ ವರದಿ ಕೊಟ್ಟಿದ್ದೆ. ನಿಜವಾದ ಚರಂಡಿ ಕಟ್ಟಡದ ಇನ್ನೊಂದು ಮಗ್ಗುಲಲ್ಲಿತ್ತು. ಮೊದಲ ದೊಡ್ಡ ಮಳೆಗೇ ತಳಮಹಡಿ ತುಂಬಿತು. ಅಲ್ಲಿನ ಕಾವಲುಗಾರನ ಸಂಸಾರ ರಾತ್ರಿಯಿಡೀ ಮೆಟ್ಟಿಲ ಮೇಲೆ ಕೂತಿತ್ತು. ಆ ವರದಿಯ ಕೆಳಗೆ ನನ್ನ ಸಹಿ ಇದೆ. ಅಂದಿನಿಂದ ಒಂದೇ ಸಲ ನೋಡಿ ಬಂದ ಜಾಗದ ಬಗ್ಗೆ ನಾನು ಅಭಿಪ್ರಾಯ ಬರೆದಿಲ್ಲ.

ಗಿರಣಿಯ ಜಾಗಕ್ಕೆ ನಾಲ್ಕು ಸಲ ಹೋದೆ. ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ, ಎದುರಿನ ಶಾಲೆ ಸೇರುವ ಹೊತ್ತು. ಸಂಜೆ ಆರಕ್ಕೆ. ಮುಹೂರ್ತವಿದ್ದ ಒಂದು ಭಾನುವಾರ. ಮತ್ತೊಮ್ಮೆ ಮಳೆ ನಿಂತ ಅರ್ಧ ಗಂಟೆಗೆ. ಅರ್ಜಿಯಲ್ಲಿ ರಸ್ತೆಯ ಅಗಲ 18 ಮೀಟರ್ ಎಂದಿತ್ತು. ಅದು ಮಹಾಯೋಜನೆಯಲ್ಲಿ ಮುಂದೆ ಆಗಬೇಕೆಂದು ಬರೆದ ಅಗಲ. ಸರ್ವೇಯರ್ ಮತ್ತು ನಾನು ಮುಖ್ಯರಸ್ತೆಯಿಂದ ಗೇಟಿನವರೆಗೆ ಹನ್ನೊಂದು ಕಡೆ ಟೇಪು ಹಿಡಿದೆವು. ಅತಿ ಕಿರಿದಾದ ಜಾಗ 9.2 ಮೀಟರ್, ಅಲ್ಲೊಂದು ಟ್ರಾನ್ಸ್‌ಫಾರ್ಮರ್. ವಾಹನಕ್ಕೆ ಸಿಗುವುದು ಏಳೇ ಮೀಟರ್. ಕಟ್ಟಡದ ಗಾತ್ರಕ್ಕೂ ರಸ್ತೆಯ ಅಗಲಕ್ಕೂ ವಲಯ ನಿಯಮಾವಳಿ ಗಂಟು ಹಾಕಿರುವುದು ಸುಮ್ಮನೆ ಅಲ್ಲ. ಬೆಂಕಿ ಬಿದ್ದ ದಿನ ಅಗ್ನಿಶಾಮಕ ವಾಹನ ಬರಬೇಕಾದದ್ದು ಇವತ್ತಿನ ರಸ್ತೆಯ ಮೇಲೆ.

ವಾಹನ ನಿಲುಗಡೆಯ ಲೆಕ್ಕ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ನಿಯಮ ಎಣಿಸುವುದು ಕಾರುಗಳನ್ನು. ನಮ್ಮಂಥ ಊರಿನಲ್ಲಿ ಅಂಗಡಿಗೆ ಬರುವವರು ಬೈಕಿನಲ್ಲಿ ಬರುತ್ತಾರೆ, ಎರಡು ನಿಮಿಷದ ಕೆಲಸಕ್ಕೆ ತಳಮಹಡಿಗೆ ಇಳಿಯುವುದಿಲ್ಲ, ರಸ್ತೆಯಂಚಿಗೇ ನಿಲ್ಲಿಸುತ್ತಾರೆ. ಇದನ್ನು ನಾನು ಬೇರೆ ಪ್ಯಾರಾದಲ್ಲಿ ಬರೆದು, ನೆಲಮಟ್ಟದಲ್ಲೇ ದ್ವಿಚಕ್ರ ವಾಹನಗಳಿಗೆ ಜಾಗ ಬಿಡಬೇಕೆಂದು ಕೇಳಿದೆ.

ಇನ್ನು ಆಕ್ಷೇಪಣೆಗಳು. 43ರಲ್ಲಿ 31 ಪತ್ರಗಳು ಒಂದೇ ಒಕ್ಕಣೆಯ ಜೆರಾಕ್ಸ್ ಪ್ರತಿಗಳು, ಸಹಿ ಮಾತ್ರ ಬೇರೆ. ಎಲ್ಲವನ್ನೂ ಸೇರಿಸಿ ಒಂದೆಂದು ಎಣಿಸಬಹುದಲ್ಲ ಎಂದರು ವಿಷಯ ನಿರ್ವಾಹಕರು. ನನಗೆ ಮನಸ್ಸಾಗಲಿಲ್ಲ. ಬರೆಯಲು ಬಾರದವರು ಬರೆದುಕೊಟ್ಟದ್ದಕ್ಕೆ ಸಹಿ ಹಾಕುತ್ತಾರೆ, ಅದರಲ್ಲಿ ತಪ್ಪೇನಿದೆ? ಒಂದೊಂದನ್ನೂ ಮಗುಚಿ ನೋಡಿದೆ. ಹತ್ತೊಂಬತ್ತನೆಯ ಪತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಗೀಚಿದ ಒಂದು ಚಿತ್ರವಿತ್ತು. ಗಿರಣಿ, ಶಾಲೆ, ನಡುವೆ ಬಾಣದ ಗುರುತುಗಳು, ಪಕ್ಕದಲ್ಲಿ ‘ನೀರು ಹೀಗೆ ಬರುತ್ತದೆ, ಮೂರನೇ ಮೆಟ್ಟಿಲಿನವರೆಗೆ’ ಎಂಬ ಬರಹ. ಗ್ರಾಮ ನಕ್ಷೆಯ ಪಕ್ಕ ಇಟ್ಟು ನೋಡಿದೆ. ಮುಚ್ಚಿದ ಹಳ್ಳದ ದಾರಿಯೇ ಅದು. ಎಂದೋ ಮುಚ್ಚಿಹೋದ ಹಳ್ಳದ ಜಾಡನ್ನು ಗ್ರಾಮ ನಕ್ಷೆ ನೋಡಿರದ ಕೈಯೊಂದು ನೀರನ್ನು ನೋಡಿಯೇ ಬರೆದಿತ್ತು.

ಆ ಪತ್ರದ ಹಿಂದೆಯೇ ನನ್ನ ವರದಿಯ ಮುಖ್ಯ ಲೆಕ್ಕ ಹುಟ್ಟಿತು. 4 ಎಕರೆ 12 ಗುಂಟೆ ಎಂದರೆ ಸುಮಾರು 17,400 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 8 ಲಕ್ಷ 70 ಸಾವಿರ ಲೀಟರ್ ನೀರು, ಆರು ಸಾವಿರ ಲೀಟರಿನ 145 ಟ್ಯಾಂಕರುಗಳಷ್ಟು. ಪ್ರಸ್ತಾವದಲ್ಲಿದ್ದ ಇಂಗುಗುಂಡಿಗಳು ಅದರ ಒಂದು ಚಿಕ್ಕ ಪಾಲನ್ನಷ್ಟೇ ಹಿಡಿಯುತ್ತಿದ್ದವು. ಉಳಿದದ್ದು ಶಾಲೆಯ ಮೆಟ್ಟಿಲಿಗೆ.

ವಿಚಾರಣೆಯನ್ನು ಮೊದಲು ಇಟ್ಟದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಕಚೇರಿಯಲ್ಲಿ. ಬಂದವರು ಆರು ಮಂದಿ. ದಿನಗೂಲಿ ಬಿಟ್ಟು ಯಾರು ಬರುತ್ತಾರೆ? ಎರಡನೆಯ ಸಲ ಭಾನುವಾರ ಶಾಲೆಯ ಅಂಗಳದಲ್ಲೇ ನಡೆಸಿದೆವು. ಅರ್ಜಿದಾರರ ವಾಸ್ತುಶಿಲ್ಪಿಯೂ ಬಂದರು. ಗೋಡೆಯ ಮೇಲೆ ಒಂದು ಕಡೆ ಅವರ ನಕ್ಷೆ, ಇನ್ನೊಂದು ಕಡೆ ದೊಡ್ಡದು ಮಾಡಿಸಿದ ಗ್ರಾಮ ನಕ್ಷೆ. ಜನ ಗುಂಪಾಗಿ ನಿಂತದ್ದು ಗ್ರಾಮ ನಕ್ಷೆಯ ಮುಂದೆ. ತಮ್ಮ ತಾತನ ಹೊಲ ಯಾವುದು, ಬಾವಿ ಎಲ್ಲಿತ್ತು ಎಂದು ಬೆರಳಿಟ್ಟು ತೋರಿಸುತ್ತ, ನನಗೆ ಗೊತ್ತಿಲ್ಲದ ಎರಡು ಕಾಲುದಾರಿಗಳನ್ನೂ ಹೇಳಿದರು. ಪೆನ್ಸಿಲ್ ಚಿತ್ರ ಬರೆದವರು ಶಾಲೆಯ ಬಿಸಿಯೂಟದ ಅಡುಗೆಯವರೆಂದು ತಿಳಿದದ್ದೂ ಅಲ್ಲೇ.

ಎಲ್ಲ ಆಕ್ಷೇಪಣೆಯನ್ನೂ ಒಪ್ಪಲು ಬರುವುದಿಲ್ಲ. ಒಬ್ಬರು ಹಳ್ಳದಿಂದ 75 ಮೀಟರ್ ಬಿಡಬೇಕೆಂದು ವಾದಿಸಿದರು. 75 ಮೀಟರ್ ಎಂಬುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದು, ಅದನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದು ಮಾಡಿದೆ ಎಂದು ಅವರಿಗೆ ವಿವರಿಸಿದೆ. ಇಲ್ಲಿ ಅನ್ವಯವಾಗುವುದು ನಮ್ಮ ಮಹಾಯೋಜನೆಯ ನಿಯಮ. ಮೇಲಿನ ಮಹಡಿಗಳಿಂದ ಹಿತ್ತಿಲು ಕಾಣುತ್ತದೆ ಎಂದವರ ಮಾತಿನಲ್ಲಿ ಹುರುಳಿತ್ತು. ಆ ಬದಿಯಲ್ಲಿ ಕಟ್ಟಡಕ್ಕೂ ಗಡಿಗೂ ನಡುವೆ ಬಿಡುವ ಜಾಗ, ಅಂದರೆ ಸೆಟ್‌ಬ್ಯಾಕ್ ಹೆಚ್ಚಿಸಲು ಕೇಳಿದೆ. ‘ಎಲ್ಲೆಲ್ಲಿಯವರೋ ಬಂದು ಸೇರಿಕೊಳ್ಳುತ್ತಾರೆ’ ಎಂಬ ಆಕ್ಷೇಪಣೆಗಳು ಐದಿದ್ದವು. ಅವನ್ನು ತಿರಸ್ಕರಿಸಿದೆ, ಕಾರಣವನ್ನೂ ಬರೆದೆ. ಯಾರು ವಾಸಿಸಬೇಕು ಎಂದು ಆರಿಸುವುದು ಯೋಜನಾ ಪ್ರಾಧಿಕಾರದ ಕೆಲಸವಲ್ಲ, ಆಗಲೂಬಾರದು. ಮನೆ ಬೇಕಾದವರು ಆ ಸಭೆಯಲ್ಲಿ ಇರಲಿಲ್ಲ ಎಂಬುದನ್ನು ನಾನು ಮರೆಯುವಂತಿರಲಿಲ್ಲ.

ವರದಿಗೆ 43 ಸಾಲುಗಳ ತಖ್ತೆಯೊಂದನ್ನು ಲಗತ್ತಿಸಿದೆ. ಆಕ್ಷೇಪಣೆ ಏನು, ಸ್ಥಳದಲ್ಲಿ ಕಂಡದ್ದೇನು, ಒಪ್ಪಿದ್ದೋ ಇಲ್ಲವೋ, ಏಕೆ. ‘ಪರಿಶೀಲಿಸಲಾಗಿದೆ’ ಎಂಬ ಪದವನ್ನು ಒಂದು ಕಡೆಯೂ ಬಳಸಲಿಲ್ಲ. ಆ ಒಂದು ಪದದ ಅಡಿಯಲ್ಲಿ ಎಷ್ಟು ಜನರ ಮಾತು ಹೂತುಹೋಗಿದೆಯೋ. ಶಿಫಾರಸು ಷರತ್ತುಬದ್ಧವಾಗಿತ್ತು. 9 ಗುಂಟೆ ಬಿ ಖರಾಬನ್ನು ಲೆಕ್ಕದಿಂದ ತೆಗೆದು, ಸಿಮೆಂಟು ಒಡೆದು ಹಳ್ಳವನ್ನು ತೆರೆಯಬೇಕು. ರಸ್ತೆ ಅಗಲೀಕರಣಕ್ಕೆ ಮುಂಭಾಗದ ಪಟ್ಟಿಯನ್ನು ಪರಿತ್ಯಾಜನಾ ಪತ್ರದ ಮೂಲಕ ಬಿಟ್ಟುಕೊಡಬೇಕು. ಎಫ್‌ಎಆರ್ ಇಂದಿನ ರಸ್ತೆಗೆ ತಕ್ಕಷ್ಟೇ. ಮಂಟಪದ ದಾರಿ ಮತ್ತು ಮನೆಗಳ ದಾರಿ ಬೇರೆ ಬೇರೆ.

ಪ್ರಾಧಿಕಾರದ ಸಭೆಯಲ್ಲಿ ಎರಡು ಗಂಟೆ ಚರ್ಚೆಯಾಯಿತು. ಇಷ್ಟು ಷರತ್ತು ಹಾಕಿದರೆ ಊರಿಗೆ ಬಂಡವಾಳ ಬರುವುದಿಲ್ಲ ಎಂದರು ಕೆಲವು ಸದಸ್ಯರು. ನಾನು ಪೆನ್ಸಿಲ್ ಚಿತ್ರದ ಪ್ರತಿಯನ್ನು ಮೇಜಿನ ಸುತ್ತ ಕಳಿಸಿದೆ. ಅಂತಿಮವಾಗಿ ಮನೆಗಳು 160ರಿಂದ 118ಕ್ಕೆ ಇಳಿದವು. ಮಂಟಪವನ್ನು ಅರ್ಜಿದಾರರೇ ಕೈಬಿಟ್ಟರು, ಅದರ ಜಾಗದಲ್ಲಿ ತರಕಾರಿ ಮತ್ತು ದಿನಸಿ ಮಳಿಗೆಗಳು ಬಂದವು. ಸರ್ಕಾರದ ಅನುಮೋದನೆ ಬರಲು ಮತ್ತೆ ಏಳು ತಿಂಗಳು ಹಿಡಿಯಿತು.

ಆಕ್ಷೇಪಣೆ ಕೊಟ್ಟ 43 ಮಂದಿಗೂ ಹಿಂಬರಹ ಕಳಿಸಿದೆ. ತಖ್ತೆಯಲ್ಲಿ ಅವರವರ ಸಾಲನ್ನು ಗುರುತು ಮಾಡಿ, ಜೊತೆಗೆ ಪರಿಷ್ಕೃತ ನಕ್ಷೆಯ ಒಂದು ಪ್ರತಿ ಇಟ್ಟು. ಎರಡು ವಾರದ ನಂತರ ಆ ಅಡುಗೆಯವರು ಕಚೇರಿಗೆ ಬಂದರು. ನಕ್ಷೆಯನ್ನು ಬಿಡಿಸಿ, ಹಳ್ಳದ ನೀಲಿ ಗೆರೆಯ ಮೇಲೆ ಬೆರಳಿಟ್ಟು, ‘ಇದರ ಮೇಲೆ ಸೇತುವೆ ಬರೆದಿದ್ದೀರಿ, ಅದರ ಕೆಳಗಿನ ಪೈಪು ಎಷ್ಟು ದಪ್ಪ?’ ಎಂದು ಕೇಳಿದರು. ನಕ್ಷೆಯಲ್ಲಿ 600 ಮಿಲಿಮೀಟರ್ ಎಂದಿತ್ತು. ಕಸ ಸಿಕ್ಕಿದರೆ ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ ಎಂದರು ಅವರು. ನಾನು ಅದೇ ದಿನ ಕಡತ ತರಿಸಿ, ಪೈಪಿನ ಬದಲು ಪೆಟ್ಟಿಗೆ ಮೋರಿ ಹಾಕಬೇಕೆಂದು ಟಿಪ್ಪಣಿ ಬರೆದು ಆಯುಕ್ತರಿಗೆ ಮಂಡಿಸಿದೆ.