ಪ್ರೊಗ್ರೆಸಿವ್ ರಾಕ್ ಕೇಳುವವರು ಯಕ್ಷಗಾನದ ಹಿಮ್ಮೇಳಕ್ಕೆ ಕಿವಿ ಹೊಂದಿಸುವುದು ಹೇಗೆ

ಏಳರ ಲೆಕ್ಕದ ರಾಕ್ ಹಾಡು ಇಷ್ಟಪಡುವವರು ಯಕ್ಷಗಾನದ ತ್ರಿವುಡೆ ತಾಳದಿಂದ ಶುರುಮಾಡಿ. ಅದೂ ಏಳೇ: 3+2+2. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ, ಅಂದರೆ ಮೊದಲ ಎಣಿಕೆಗೆ, ತೊಡೆ ತಟ್ಟಿ, ಉಳಿದವನ್ನು ಬೆರಳಲ್ಲಿ ಎಣಿಸಿ. ಹತ್ತರ ಝಂಪೆ ತಾಳ ಆಮೇಲೆ ಬರಲಿ.

ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇರುವುದಿಲ್ಲ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಾಳಮದ್ದಳೆ ಸಿಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಗಮನವೆಲ್ಲ ಪದ್ಯ ಮತ್ತು ಮಾತಿನ ಮೇಲೇ. ಕಲಿಯುವ ಕಿವಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೊಸಬರು ಎಡವುವುದು ಚಂಡೆಯನ್ನು ಹಿಡಿದು ಎಣಿಸಲು ಹೋದಾಗ. ಚಂಡೆ ಲೆಕ್ಕದ ನಡುವೆ ನುಡಿಗಳನ್ನು ತುಂಬುತ್ತಾ ಹೋಗುತ್ತದೆ, ಹಾಗಾಗಿ ಒಂದನೇ ಅಕ್ಷರ ಕೈತಪ್ಪುತ್ತದೆ. ಪದ್ಯ ಹಾಡುವ ಭಾಗವತರ ಕೈತಾಳವನ್ನೇ ಹಿಡಿಯಿರಿ. ಪದ್ಯ ವೇಗಕ್ಕೆ ಏರಿದಾಗ ಬೆರಳೆಣಿಕೆ ಬಿಟ್ಟು ಮೂರು ತಟ್ಟುಗಳನ್ನಷ್ಟೇ ಉಳಿಸಿಕೊಳ್ಳಿ.

ಸ್ಪೀಕರ್ ಪೆಟ್ಟಿಗೆಯ ಎದುರು ಕೂರಬೇಡಿ, ಮದ್ದಳೆಯ ಗುಂಕಾರ ಚಂಡೆಯಡಿ ಮುಚ್ಚಿಹೋಗುತ್ತದೆ. ಹಿಮ್ಮೇಳದ ಹತ್ತಿರ, ಮದ್ದಳೆಯ ಬದಿಗೆ ಕೂತರೆ ಬಲಗೈಯ ನಾದ ಭಾಗವತರ ಶ್ರುತಿಗೆ ಸೇರುವುದು ಕೇಳುತ್ತದೆ. ಥಂಡಿಗೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ; ಮದ್ದಳೆಗಾರರು ನಡುವೆ ಬಿಗಿ ಸರಿಮಾಡುವುದು ಅದಕ್ಕೇ. ಆ ಹೊತ್ತಲ್ಲಿ ಮಾತಾಡದೆ ಕೇಳಿ.